ಹಳೇ ಜಾಯ್‌ಸ್ಟಿಕ್, ಬೇರೆ ಆಟ: ಪ್ಯಾನೆಲ್ ಕೆಡಿಸದೆ ಹೊಂದಿಸುವುದು ಹೇಗೆ?

ಕಾಸು ಹಾಕಿ ಆಡುವ ಹಳೇ ಆರ್ಕೇಡ್ ಯಂತ್ರದಲ್ಲಿ ಪ್ಯಾಕ್-ಮ್ಯಾನ್ ಆಡುತ್ತಿದ್ದೀರಿ. ತಿರುವು ಬಂತು, ಕೋಲನ್ನು ಮೇಲಕ್ಕೆ ತಳ್ಳಿದಿರಿ. ಪ್ಯಾಕ್-ಮ್ಯಾನ್ ತಿರುಗದೆ ನೇರ ಹೋಗಿ ದೆವ್ವಕ್ಕೆ ಸಿಕ್ಕಿಬಿತ್ತು. ನಿಮ್ಮ ಕೈ ನಿಧಾನವಾಯಿತು ಅಂತ ಬೇಸರ ಮಾಡಿಕೊಳ್ಳಬೇಡಿ. ಒಮ್ಮೆ ಜಾಯ್‌ಸ್ಟಿಕ್‌ನ ತಳ ನೋಡಿ.

1980ರ ಪ್ಯಾಕ್-ಮ್ಯಾನ್‌ಗೆ ನಾಲ್ಕೇ ದಿಕ್ಕು. 1981ರ ಡಾಂಕಿ ಕಾಂಗ್‌ಗೂ ಅಷ್ಟೇ. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಎಂಟು ದಿಕ್ಕು, ಜೊತೆಗೆ ಆರು ಬಟನ್ ಬೇಕು. ಎಂಟು ದಿಕ್ಕಿನ ಕೋಲಿನಲ್ಲೂ ಇರುವುದು ನಾಲ್ಕೇ ಸ್ವಿಚ್. ಓರೆಯಾಗಿ ತಳ್ಳಿದರೆ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ನಾಲ್ಕು ದಿಕ್ಕಿನ ಆಟಕ್ಕೆ 'ಮೇಲೆ' ಮತ್ತು 'ಬಲ' ಒಟ್ಟಿಗೆ ಬಂದರೆ ಅದು ಒಂದನ್ನು ಮಾತ್ರ ಹಿಡಿಯುತ್ತದೆ. ಅದು ನೀವು ಬಯಸಿದ್ದೇ ಆಗಿರಬೇಕಿಲ್ಲ ಅಲ್ವಾ?

ಒಂದು ಮಾತು ಮೊದಲೇ ಹೇಳುತ್ತೇನೆ. ಹಳೇ ಪ್ಯಾನೆಲ್‌ಗೆ, ಅಂದರೆ ಕೋಲು, ಬಟನ್ ಕೂರಿಸಿರುವ ಹಲಗೆಗೆ, ಹೊಸ ತೂತು ಕೊರೆಯಬೇಡಿ. ಏನೇ ಮಾಡಿದರೂ ಬಿಚ್ಚಿ ಮೊದಲಿನ ಹಾಗೆ ಇಡುವಂತಿರಬೇಕು. ಕೆಳಗಿನ ಕೆಲಸಗಳೆಲ್ಲ ಹಾಗೇ ಆಗುತ್ತವೆ.

ಹೆಜ್ಜೆ 1: ಕರೆಂಟ್ ತೆಗೆಯಿರಿ, ಫೋಟೋ ತೆಗೆಯಿರಿ

ಪ್ಲಗ್ ಕಿತ್ತ ಮೇಲೇ ಪ್ಯಾನೆಲ್ ಬಿಚ್ಚಿ. ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್ ಇದ್ದರೆ ಅದರ ಹತ್ತಿರ ಕೈ ಹಾಕಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಆಮೇಲೆ ವೈರುಗಳ ಫೋಟೋ ತೆಗೆದು, ಒಂದೊಂದಕ್ಕೂ ಚೀಟಿ ಅಂಟಿಸಿ.

ಹೆಜ್ಜೆ 2: ಗೇಟ್ ತಿರುಗಿಸಿ

ಕೋಲು ಎಷ್ಟು ದೂರ, ಯಾವ ಕಡೆ ಹೋಗಬಹುದು ಅನ್ನುವುದನ್ನು ಹಿಡಿದಿಡುವ ಪ್ಲೇಟ್‌ಗೆ ಗೇಟ್ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಚೌಕ ಗೇಟ್‌ನ ಮೂಲೆಗಳು ಓರೆ ದಿಕ್ಕುಗಳಲ್ಲಿರುತ್ತವೆ. ಹಾಗಾಗಿ ಕೋಲು ಅಲ್ಲಿಗೆ ಸಲೀಸಾಗಿ ಹೋಗಿ ಕೂರುತ್ತದೆ. ಇದೇ ಚೌಕವನ್ನು 45 ಡಿಗ್ರಿ ತಿರುಗಿಸಿದರೆ ವಜ್ರದ ಆಕಾರ ಬರುತ್ತದೆ. ಈಗ ಮೂಲೆಗಳು ಮೇಲೆ, ಕೆಳಗೆ, ಎಡ, ಬಲಕ್ಕೆ ಬಂದವು. ಓರೆಯಾಗಿ ತಳ್ಳಿದರೆ ಗೋಡೆ ಅಡ್ಡ ಬರುತ್ತದೆ. ಅಲ್ಲಿ ಪ್ರತಿ ಸ್ವಿಚ್ ಕಡೆಗೂ ಕೋಲು ಸರಿಯುವುದು ಪೂರ್ತಿ ದೂರದ ಅರ್ಧ ಮಾತ್ರ. ಸ್ವಿಚ್ ಒತ್ತಿಕೊಳ್ಳಲು ಅರ್ಧಕ್ಕಿಂತ ಜಾಸ್ತಿ ಸರಿಯಬೇಕು ಅನ್ನುವ ಹಾಗಿದ್ದರೆ, ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುವುದೇ ಇಲ್ಲ.

ಸಾನ್ವಾ ಕಂಪನಿಯ ಜೆಎಲ್‌ಎಫ್ ಕೋಲಿನಲ್ಲಿ ಇದು ಸುಲಭ. ತಳದ ಪ್ಲಾಸ್ಟಿಕ್ ಗೇಟ್ ಬಿಚ್ಚಿ, ಒಳಗಿನ ಚೌಕದ ತುಂಡನ್ನು 45 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಿದರೆ ಆಯಿತು.

ಹಳೇ ಕೋಲಿಗೆ ಇಂಥ ಗೇಟ್ ಇರದಿದ್ದರೆ ನೀವೇ ಮಾಡಿಕೊಳ್ಳಿ. ಮೊದಲು ದಪ್ಪ ರಟ್ಟಿನಲ್ಲಿ ವಜ್ರದ ತೂತು ಕತ್ತರಿಸಿ, ಕೋಲಿನ ಈಗಿನ ಸ್ಕ್ರೂಗಳಿಗೇ ಸಿಗಿಸಿ ನೋಡಿ. ಮೂಲೆಗೆ ತಳ್ಳಿದಾಗ ಸ್ವಿಚ್ ಒತ್ತಿಕೊಂಡು, ಆಮೇಲೂ ಕೋಲು ಇನ್ನೂ ಚೂರು ಸರಿಯಬೇಕು. ಗೋಡೆಯ ನಡುವಿಗೆ ತಳ್ಳಿದಾಗ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳಬಾರದು. ಇವೆರಡೂ ಸರಿಯಾದ ಮೇಲೆ ಅದೇ ಅಳತೆಯಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸಿ. ತೂತನ್ನು ಮೊದಲು ಚಿಕ್ಕದಾಗಿಯೇ ಇಟ್ಟು, ಅರದಿಂದ ಸ್ವಲ್ಪ ಸ್ವಲ್ಪ ಉಜ್ಜುತ್ತಾ ದೊಡ್ಡದು ಮಾಡಿ. ಹೆಚ್ಚು ಉಜ್ಜಿದರೆ ಮತ್ತೆ ಮೊದಲಿಂದ ಕತ್ತರಿಸಬೇಕಾಗುತ್ತದೆ.

1982ರ ಕ್ಯೂಬರ್ಟ್ ಬೇರೆ ಥರದ್ದು. ಅಲ್ಲಿ ನಾಲ್ಕು ದಿಕ್ಕಿನ ಕೋಲನ್ನೇ ಓರೆಯಾಗಿ ಕೂರಿಸಿರುತ್ತಾರೆ. ಅದನ್ನು ಆಡಬೇಕೆಂದರೆ ಇಡೀ ಕೋಲನ್ನು 45 ಡಿಗ್ರಿ ತಿರುಗಿಸಬೇಕು. ಆಗ ಪ್ಯಾನೆಲ್‌ನ ಸ್ಕ್ರೂ ತೂತುಗಳು ಹೊಂದುವುದಿಲ್ಲ. ನಡುವೆ ಒಂದು ಪ್ಲೇಟ್ ಇಡಿ. ಅದನ್ನು ಹಳೇ ತೂತುಗಳಿಗೆ ಬಿಗಿದು, ಕೋಲನ್ನು ಪ್ಲೇಟ್‌ಗೆ ಓರೆಯಾಗಿ ಬಿಗಿಯಿರಿ.

ಹೆಜ್ಜೆ 3: ಸ್ವಿಚ್ ನೋಡಿಕೊಳ್ಳಿ

ಎಂಬತ್ತರ ದಶಕದ ಶುರುವಿನ ಎಷ್ಟೋ ಯಂತ್ರಗಳಲ್ಲಿ ಇರುವುದು ಲೀಫ್ ಸ್ವಿಚ್. ಎರಡು ತೆಳು ಲೋಹದ ಪಟ್ಟಿಗಳು ತಾಗಿದರೆ ಸಂಪರ್ಕ ಆಗುತ್ತದೆ. ಕ್ಲಿಕ್ ಸದ್ದಿಲ್ಲ, ಕೈಗೆ ಮೃದು. ನನಗಂತೂ ಇದೇ ಇಷ್ಟ. ಮೊದಲ ಸಲ ಇದನ್ನು ಶುಚಿ ಮಾಡುವಾಗ ನಾನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿಬಿಟ್ಟೆ. ತಾಗುವ ಜಾಗದ ಚಿನ್ನದ ತೆಳು ಲೇಪ ಹೋಯಿತು. ಆಮೇಲೆ ಆ ಸ್ವಿಚ್ ಪದೇ ಪದೇ ಕೈಕೊಟ್ಟಿತು. ನೀವು ಹಾಗೆ ಮಾಡಬೇಡಿ. ದಪ್ಪ ಕಾಗದದ ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಎರಡು ಪಟ್ಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಸಾಕು.

ಪಟ್ಟಿಗಳ ನಡುವಿನ ಸಂದು ಹೆಚ್ಚಾದರೆ ಕೋಲು ಮಂಕಾಗುತ್ತದೆ. ತೀರಾ ಕಡಿಮೆಯಾದರೆ ಸುಮ್ನೆ ತಾಗಿಕೊಳ್ಳುತ್ತದೆ. ಸರಿಪಡಿಸಲು ಕೋಲು ತಳ್ಳುವ ಪಟ್ಟಿಯನ್ನು ಮುಟ್ಟಬೇಡಿ, ಅಲುಗಾಡದೆ ನಿಂತಿರುವ ಪಟ್ಟಿಯನ್ನು ಚೂರೇ ಚೂರು ಬಗ್ಗಿಸಿ.

ಹೆಜ್ಜೆ 4: ಬಟನ್ ಸೇರಿಸುವುದು

ಆರು ಬಟನ್ ಬೇಕಾದರೆ ಪ್ಲೈವುಡ್‌ನಲ್ಲಿ ಹೊಸ ಪ್ಯಾನೆಲ್ ಮಾಡಿ, ಹಳೆಯದನ್ನು ಬಟ್ಟೆ ಸುತ್ತಿ ಎತ್ತಿಡಿ. ಸಾನ್ವಾದ ದೊಡ್ಡ ಬಟನ್‌ಗೆ 30 ಮಿ.ಮೀ. ತೂತು ಬೇಕು.

ಆಟದ ಬೋರ್ಡನ್ನು ಯಂತ್ರದ ವೈರುಗಳಿಗೆ ಸೇರಿಸುವ ಒಂದು ಸಾಮಾನ್ಯ ಪದ್ಧತಿಗೆ ಜಮ್ಮಾ ಅನ್ನುತ್ತಾರೆ. 1985ರಲ್ಲಿ ಬಂದ ಈ ಜೋಡಣೆಯಲ್ಲಿ ಒಟ್ಟು 56 ಸಂಪರ್ಕಗಳು. ಮೂಲ ಜೋಡಣೆಯಲ್ಲಿ ಒಬ್ಬ ಆಟಗಾರನಿಗೆ ಮೂರು ಬಟನ್. ಅದಕ್ಕೇ ಸ್ಟ್ರೀಟ್ ಫೈಟರ್ 2ರ ಮೂರು ಒದೆ ಬಟನ್‌ಗಳಿಗೆ ಬೇರೆ ವೈರ್ ಗುಚ್ಛ ಬೇಕಾಗುತ್ತದೆ.

ಬಟನ್ ಒತ್ತಿದಾಗ ಕ್ಲಿಕ್ ಅನ್ನುವ ಮೈಕ್ರೋ ಸ್ವಿಚ್‌ನಲ್ಲಿ ಸಾಮಾನ್ಯವಾಗಿ ಮೂರು ಕಾಲುಗಳಿರುತ್ತವೆ: ಸಿಒಎಂ (ಎರಡಕ್ಕೂ ಸಾಮಾನ್ಯವಾದದ್ದು), ಎನ್‌ಒ (ಒತ್ತಿದಾಗ ಮಾತ್ರ ಸಂಪರ್ಕ), ಎನ್‌ಸಿ (ಒತ್ತದಿದ್ದಾಗ ಸಂಪರ್ಕ). ಗ್ರೌಂಡ್ ವೈರ್ ಸಿಒಎಂಗೆ, ಸಿಗ್ನಲ್ ವೈರ್ ಎನ್‌ಒಗೆ. ತಪ್ಪಿ ಎನ್‌ಸಿಗೆ ಹಾಕಿದರೆ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ. ಗ್ರೌಂಡ್ ಒಂದೇ ವೈರ್ ಆಗಿ ಬಟನ್‌ನಿಂದ ಬಟನ್‌ಗೆ ಸಾಗಲಿ. ಬೆಸುಗೆ ಹಾಕದೆ ಸಿಕ್ಕಿಸುವ ಕನೆಕ್ಟರ್ ಬಳಸಿ, ನಾಳೆ ಬಿಚ್ಚಲು ಸುಲಭ.

ಟೆಂಪೆಸ್ಟ್ ಆಟಕ್ಕೆ ಸ್ಪಿನ್ನರ್ (ತಿರುಗಿಸುವ ಗುಂಡಿ), ಸೆಂಟಿಪೀಡ್ ಆಟಕ್ಕೆ ಟ್ರ್ಯಾಕ್‌ಬಾಲ್ (ಅಂಗೈಯಿಂದ ಉರುಳಿಸುವ ಚೆಂಡು) ಬೇಕು. ಇವಕ್ಕೆ ಕೋಲು ಯಾವ ರೀತಿಯಲ್ಲೂ ಬದಲಿಯಾಗದು. ಬೇರೆ ಪ್ಯಾನೆಲ್‌ನಲ್ಲೇ ಕೂರಿಸಿ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುತ್ತಿದ್ದರೆ, ಆ ದಿಕ್ಕಿನ ಎರಡು ಸಿಗ್ನಲ್ ವೈರುಗಳನ್ನು ಅದಲು ಬದಲು ಮಾಡಿ.

ಹೆಜ್ಜೆ 5: ಪರೀಕ್ಷೆ

ಪ್ಯಾನೆಲ್ ಮುಚ್ಚಿ ಪ್ಲಗ್ ಹಾಕಿ, ಆಟದ ಟೆಸ್ಟ್ ಮೋಡ್‌ಗೆ ಹೋಗಿ. ಒತ್ತಿದ ದಿಕ್ಕು ಪರದೆಯಲ್ಲಿ ಕಾಣುವಂತಿದ್ದರೆ, ಕೋಲನ್ನು ನಿಧಾನವಾಗಿ ದುಂಡಗೆ ತಿರುಗಿಸಿ. ನಾಲ್ಕು ದಿಕ್ಕಿಗೆ ಹೊಂದಿಸಿದ ಕೋಲಿನಲ್ಲಿ ಎರಡು ದಿಕ್ಕು ಒಟ್ಟಿಗೆ ಕಾಣಬಾರದು. ಕಂಡರೆ ಗೇಟ್‌ನ ತೂತು ದೊಡ್ಡದಾಗಿದೆ ಅಂತ ಅರ್ಥ. ಪ್ಲಗ್ ಕಿತ್ತು, ಚೂರು ಚಿಕ್ಕ ತೂತಿನ ಇನ್ನೊಂದು ಪ್ಲೇಟ್ ಕತ್ತರಿಸಿ.