ಕುಲುಮೆಯೊಳಗಿನ ಸುಳಿ: ಮೊದಲು ಕಿಲೋವ್ಯಾಟ್ ತಾಳೆ ನೋಡಿ

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಗಾಗಿ ಮೊದಲ ಸಲ ಇಂಡಕ್ಷನ್ ಫರ್ನೆಸ್ಸಿನ (ಸುರುಳಿಯಲ್ಲಿ ವಿದ್ಯುತ್ ಹರಿಸಿ, ಅದರ ಕಾಂತಕ್ಷೇತ್ರದಿಂದ ಲೋಹ ಕರಗಿಸುವ ಕುಲುಮೆ) ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿದಾಗ, ಪರದೆಯ ಮೇಲೆ ಕರಗಿದ ಲೋಹದ ಎರಡು ಸುಳಿಗಳು, ಮೇಲೊಂದು ಕೆಳಗೊಂದು, ಚೆಂದಕ್ಕೆ ತಿರುಗಿದವು. ಕುಲುಮೆ ನೋಡಿಕೊಳ್ಳುವ ಹಿರಿಯರು ಒಂದು ನಿಮಿಷ ದಿಟ್ಟಿಸಿ, ‘ಸರ್, ನಮ್ಮದು ಇಷ್ಟು ಸಾಧುವಲ್ಲ’ ಎಂದರು. ಅವರ ಮಾತೇ ನಿಜವಾಗಿತ್ತು.

ತಂತ್ರಾಂಶಗಳಿಗೆ ಕಾಸು ಬೇಡ. ಜಾಲರಿ ಹೆಣೆಯಲು (ಅಂದರೆ ಆಕಾರವನ್ನು ಲೆಕ್ಕಕ್ಕೆ ಸಿಗುವ ಪುಟ್ಟ ಕೋಶಗಳಾಗಿ ಒಡೆಯಲು) ಜಿಮೆಶ್, ಕಾಂತಕ್ಷೇತ್ರಕ್ಕೆ ಫಿನ್ಲೆಂಡಿನ ಎಲ್ಮರ್, ಹರಿವಿಗೆ ಓಪನ್‌ಫೋಮ್. ಎಲ್ಲವೂ ಉಚಿತ. ಮೂಸೆ ದುಂಡಗಿರುವುದರಿಂದ ಅದರ ಅರ್ಧ ಅಡ್ಡಕೊಯ್ತವನ್ನು ಬರೆದರೆ ಸಾಕು. ಮೂಸೆಯನ್ನು ಸುತ್ತಿದ ತಾಮ್ರದ ಸುರುಳಿಯ, ಅಂದರೆ ಕಾಯಿಲ್‌ನ, ಹೊರಗೆ ಗಾಳಿಗೂ ಧಾರಾಳ ಜಾಗ ಬಿಡಿ.

ನಮ್ಮದು 500 ಕಿಲೋ ಕಬ್ಬಿಣ: ಒಳವ್ಯಾಸ 40 ಸೆಂ.ಮೀ., ಲೋಹದ ಎತ್ತರ 57 ಸೆಂ.ಮೀ., ಆವರ್ತನ 1000 ಹರ್ಟ್ಸ್. ಈ ಆವರ್ತನದಲ್ಲಿ ಪ್ರವಾಹದ ಹೆಚ್ಚಿನ ಪಾಲು ಕರಗಿದ ಲೋಹದ ಅಂಚಿನ ಸುಮಾರು 19 ಮಿ.ಮೀ.ನಲ್ಲೇ ಓಡುತ್ತದೆ. ಅಷ್ಟರಲ್ಲಿ ಐದಾರು ಕೋಶಗಳಾದರೂ ಇರಲಿ. ಕಾಂತೀಯ ಪಾರಗಮ್ಯತೆಯನ್ನು (ವಸ್ತು ಕಾಂತಕ್ಷೇತ್ರವನ್ನು ಎಷ್ಟು ಸೆಳೆದುಕೊಳ್ಳುತ್ತದೆ ಎಂಬ ಅಳತೆ) ಗಾಳಿಯಂತೆ 1 ಎಂದೇ ಹಾಕಿ. 770 ಡಿಗ್ರಿ ದಾಟಿದ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಕಾಂತಕ್ಷೇತ್ರ ಲೋಹವನ್ನು ನೂಕುವ ಬಲ ಪ್ರತಿ ಅರ್ಧ ಮಿಲಿಸೆಕೆಂಡಿಗೆ ಏರಿಳಿದರೂ ಭಾರವಾದ ಲೋಹ ಅದಕ್ಕೆ ಕುಣಿಯದು. ಆದ್ದರಿಂದ ಓಪನ್‌ಫೋಮ್‌ಗೆ ಸರಾಸರಿ ಬಲವನ್ನಷ್ಟೇ ಕೊಡಿ.

ನಾನು ಎಡವಿದ್ದು ಈಗ ಹೇಳುವ ಜಾಗದಲ್ಲಿ. ಪ್ಯಾನೆಲ್ಲಿನ ಮೀಟರ್ 350 ಕಿಲೋವ್ಯಾಟ್ ತೋರಿಸುತ್ತಿತ್ತು. ಕಾಯಿಲ್ ತಣಿಸುವ ನೀರು ನಿಮಿಷಕ್ಕೆ 100 ಲೀಟರ್ ಹರಿದು 10 ಡಿಗ್ರಿ ಬಿಸಿಯಾಗಿ ಹೊರಬರುತ್ತಿತ್ತು; ಅಂದರೆ ನೀರಿನ ಪಾಲು 70 ಕಿಲೋವ್ಯಾಟ್. (ಮೂಸೆಯ ಒಳಗೋಡೆಯಾದ ಲೈನಿಂಗ್ ದಾಟಿ ಬಂದ ಶಾಖವೂ ಅದರಲ್ಲಿ ಸೇರಿದೆ, ಇರಲಿ.) ಲೋಹಕ್ಕೆ 280ರ ಆಸುಪಾಸು ಸಿಗಬೇಕು. ನನ್ನ ಲೆಕ್ಕದಲ್ಲಿ ಸಿಕ್ಕಿದ್ದು 140. ಸರಿಯಾಗಿ ಅರ್ಧ ಬಂದರೆ ಅದು ಆಕಸ್ಮಿಕವಲ್ಲ. ಕಾಯಿಲ್ ಪ್ರವಾಹದ ಆರ್‌ಎಂಎಸ್ ಮೌಲ್ಯವನ್ನು (ಏರಿಳಿಯುವ ಪ್ರವಾಹದ ಒಂದು ಬಗೆಯ ಸರಾಸರಿ), ಎಲ್ಮರ್ ಶಿಖರಮೌಲ್ಯ (ಅಲೆಯ ತುದಿಯ ಬೆಲೆ) ಕೇಳುವ ಜಾಗದಲ್ಲಿ ತುಂಬಿದ್ದೆ. ಶಕ್ತಿಯೂ ಬಲವೂ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತವೆ; ಹಾಗಾಗಿ ಪ್ರವಾಹವನ್ನು 1.414ರಿಂದ ಗುಣಿಸಿದೊಡನೆ ಲೆಕ್ಕ ಕೂಡಿತು, ನೂಕುವ ಬಲವೂ ಇಮ್ಮಡಿಯಾಯಿತು. ಈಗ ಕಿಲೋವ್ಯಾಟ್ ತಾಳೆಯಾಗದೆ ಹರಿವಿನ ಚಿತ್ರವನ್ನು ನಾನು ತೆರೆಯುವುದೇ ಇಲ್ಲ.

ಎರಡನೆಯ ತಾಳೆ ಕಣ್ಣಿನದು. ಪೂರ್ಣ ಶಕ್ತಿಯಲ್ಲಿ ಲೋಹದ ನಡುಭಾಗ ಗುಮ್ಮಟದಂತೆ ಉಬ್ಬುತ್ತದೆ. ಕೈಲೆಕ್ಕದಲ್ಲಿ ಈ ಕುಲುಮೆಗೆ ಸುಮಾರು 5 ಸೆಂ.ಮೀ. ಮೇಲಿನ ಸುಳಿ ನಡುವಿನಲ್ಲಿ ಏರಿ, ಮೇಲ್ಮೈಯಲ್ಲಿ ಅಂಚಿಗೆ ಸರಿದು, ಗೋಡೆಯ ಪಕ್ಕ ಇಳಿಯಬೇಕು. ಕುಲುಮೆಯಲ್ಲಿ ಕಿಟ್ಟ ಗೋಡೆಯತ್ತ ಸರಿಯುತ್ತಿದ್ದು ಪರದೆಯ ಬಾಣಗಳು ನಡುವಿಗೆ ಓಡುತ್ತಿದ್ದರೆ, ಬಲದ ಚಿಹ್ನೆಯೆಲ್ಲೋ ತಿರುವುಮುರುವಾಗಿದೆ.

ಲೋಹಕ್ಕೆ ಹಾಕಿದ ಇಂಗಾಲ ಎಷ್ಟು ಬೇಗ ಬೆರೆಯುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ ಅರ್ಧ ಕೊಯ್ತ ಸಾಲದು. ಹರಿವಿನ ಅಲುಗಾಟವನ್ನು ಸರಾಸರಿಯಾಗಿಯೇ ಲೆಕ್ಕಹಾಕುವ ಸಾಮಾನ್ಯ ಕೆ-ಎಪ್ಸಿಲಾನ್ ಮಾದರಿಯಲ್ಲಿ ಎರಡು ಸುಳಿಗಳು ಮುನಿಸಿಕೊಂಡ ದಾಯಾದಿಗಳಂತೆ ತಮ್ಮ ತಮ್ಮ ಪಾಲಿನಲ್ಲೇ ಸುತ್ತುತ್ತವೆ. ನಿಜವಾದ ಲೋಹದಲ್ಲಿ ಅವು ಅಲುಗಾಡುತ್ತ ಒಂದರ ಪಾಲನ್ನು ಇನ್ನೊಂದಕ್ಕೆ ಎಸೆಯುತ್ತಿರುತ್ತವೆ. ಇದನ್ನು ಹಿಡಿಯಲು ಮೂರು ಆಯಾಮದಲ್ಲಿ, ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕಹಾಕುವ ಎಲ್‌ಇಎಸ್ ಬೇಕು. ನಾನು ಅದನ್ನು ಶನಿವಾರ ಸಂಜೆ ಹಚ್ಚಿ ಮನೆಗೆ ಹೋಗುತ್ತೇನೆ. ಕರೆಂಟ್ ಕೈಕೊಡದಿದ್ದರೆ ಸೋಮವಾರ ಬೆಳಿಗ್ಗೆ ಹತ್ತಿಪ್ಪತ್ತು ಸೆಕೆಂಡುಗಳ ಹರಿವು ಸಿಕ್ಕಿರುತ್ತದೆ.