ಡೊಂಬಿವಲಿಯ ಗೇಟಿಲ್ಲದ ಕಟ್ಟಡದಲ್ಲಿ ಬೈಕ್ ಕಾಪಾಡಿದ್ದು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಮ್ಮ ಕಟ್ಟಡಕ್ಕೆ ಗೇಟಿಲ್ಲ, ವಾಚ್‌ಮನ್ನೂ ಇಲ್ಲ. ಪಕ್ಕದ ಗಲ್ಲಿಯಲ್ಲಿ ಬೈಕ್ ಕಳುವಾದ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ. ಜೋರಾಗಿ ಒದ್ದರೆ ಅದು ಮುರಿಯುತ್ತದೆ.

ಮೆಟ್ಟಿಲ ಕೆಳಗೆ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಕಂಬವಿದೆ. ಸೊಸೈಟಿಯ ಸೆಕ್ರೆಟರಿ ಕಾಕಾ ಅಲ್ಲಿ ನಿಲ್ಲಿಸಲು ಒಪ್ಪಿದರು. ಇದ್ದ ದುಡ್ಡಲ್ಲಿ ಜಾಸ್ತಿ ಭಾಗ 10 ಮಿ.ಮೀ. ದಪ್ಪದ ಹಾರ್ಡನ್ಡ್ ಸ್ಟೀಲ್ (ಗಟ್ಟಿಗೊಳಿಸಿದ ಉಕ್ಕು) ಸರಪಳಿಗೆ, ಒಳ್ಳೆಯ ಬೀಗಕ್ಕೆ ಹಾಕಿದೆ. ತೆಳ್ಳನೆಯ ಕೇಬಲ್ ಲಾಕ್ ಸುಮ್ನೆ ದಂಡ, ಕಟ್ಟರ್‌ಗೆ ಅದು ಕ್ಷಣದ ಕೆಲಸ.

ಸರಪಳಿಯನ್ನು ಹಿಂದಿನ ಚಕ್ರ, ಸ್ವಿಂಗ್‌ಆರ್ಮ್ (ಆ ಚಕ್ರವನ್ನು ಬೈಕಿನ ಚೌಕಟ್ಟಿಗೆ ಜೋಡಿಸುವ ತೋಳು) ಎರಡನ್ನೂ ಸುತ್ತಿಸಿ ಕಂಬಕ್ಕೆ ಬಿಗಿಯುತ್ತೇನೆ. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ ಚಕ್ರ ಬಿಚ್ಚಿಟ್ಟು ಬೈಕ್ ಒಯ್ಯಬಹುದು, ಅಲ್ವಾ? ಸರಪಳಿ ಸಡಿಲವಾಗಿ ನೆಲಕ್ಕೆ ತಾಗಲೂಬಾರದು. ತಾಗಿದರೆ ಕಟ್ಟರ್‌ನ ಒಂದು ಹಿಡಿಯನ್ನು ನೆಲಕ್ಕೊತ್ತಿ, ಇನ್ನೊಂದರ ಮೇಲೆ ಮೈಭಾರವೆಲ್ಲ ಹಾಕಿ ಕತ್ತರಿಸುತ್ತಾರೆ.

ಪೇಂಟ್ ಗೀರದಂತೆ ಸರಪಳಿಗೆ ಹಳೇ ಸೈಕಲ್ ಟ್ಯೂಬ್ ತೊಡಿಸಿದ್ದೇನೆ. ಪಂಕ್ಚರ್ ಅಂಗಡಿಯವರು ಪುಕ್ಕಟೆ ಕೊಟ್ಟರು. ಇಲ್ಲಿನ ಮಳೆ ಗೊತ್ತಲ್ಲ, ಬೀಗದ ಕೀಲಿತೂತು ಯಾವಾಗಲೂ ಕೆಳಮುಖವಾಗಿರಲಿ. ಆಗಾಗ ಒಂದು ಹನಿ ಎಣ್ಣೆ ಬಿಡಿ. ಮೇಲೊಂದು ಸಾದಾ ಕವರ್ ಹೊದಿಸಿದರೆ ಒಳಗೆ ಯಾವ ಬೈಕ್ ಇದೆ ಅಂತ ಹೋಗಿಬರುವವರಿಗೆ ತಿಳಿಯುವುದಿಲ್ಲ.

ಮುಂದಿನ ತಿಂಗಳು ಅಲಾರಂ ಇರುವ ಡಿಸ್ಕ್ ಲಾಕ್ (ಚಕ್ರದ ಬ್ರೇಕ್ ಡಿಸ್ಕ್‌ಗೆ ಹಾಕುವ ಬೀಗ) ತರುತ್ತೇನೆ.