ಜ್ಯಾಬ್ ಹೊಡೆಯುವಾಗ ಪಾದ ಎಲ್ಲಿರಬೇಕು

ಬಾಕ್ಸಿಂಗ್‌ನಲ್ಲಿ ನನ್ನ ನಿಲುವು ಆರ್ಥೊಡಾಕ್ಸ್: ಎಡಗಾಲು ಮುಂದೆ, ಎಡಗೈಯಲ್ಲಿ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು. ಮೂರು ನಿಮಿಷದ ಒಂದು ರೌಂಡಿನಲ್ಲಿ ಅದನ್ನು ನಾಲ್ಕೈದು ಬಗೆಯಲ್ಲಿ ಬಳಸುತ್ತೇನೆ. ಯಾವ ಬಗೆ ಎಂಬುದನ್ನು ಬಹುಮಟ್ಟಿಗೆ ಪಾದವೇ ತೀರ್ಮಾನಿಸುತ್ತದೆ.

ಮೊದಲ ಅರ್ಧ ನಿಮಿಷ ಅಳತೆಯ ಜ್ಯಾಬ್. ಪಾದ ಕದಲಿಸುವುದಿಲ್ಲ, ಮುಷ್ಟಿ ಬಿಗಿಯುವುದಿಲ್ಲ. ಎದುರಾಳಿಯ ಗ್ಲೌಸ್ ತಟ್ಟಿ ಕೈ ವಾಪಸ್. ಅವನು ಬಲಗೈ ಚಾಚಿ ತಡೆಯುತ್ತಾನಾ, ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾನಾ ಎಂದು ನೋಡಿದರೆ ಸಾಕು. ಕೈ ಚಾಚುವವನಿಗೆ ಜ್ಯಾಬ್ ಹೊಡೆಯುವಂತೆ ನಟಿಸುತ್ತೇನೆ. ಆ ಕೈ ಗಲ್ಲ ಬಿಟ್ಟಾಗ ಎಡ ಹುಕ್‌ಗೆ, ಅಂದರೆ ಪಕ್ಕದಿಂದ ಬಾಗಿ ಬರುವ ಏಟಿಗೆ, ದಾರಿ. ತಲೆ ಎಳೆಯುವವನಿಗೆ ಜೋಡಿ ಜ್ಯಾಬ್. ಮೊದಲನೆಯದು ಗಿಡ್ಡ, ಎರಡನೆಯದಕ್ಕೆ ಹೆಜ್ಜೆ ಸೇರಿಸುತ್ತೇನೆ. ಒಮ್ಮೆ ಹಿಂದಕ್ಕೆ ಬಾಗಿದ ತಲೆಗೆ ಮತ್ತೆ ಬಾಗಲು ಜಾಗ ಇರುವುದಿಲ್ಲ.

ಹೆಚ್ಚು ಕೆಡುವುದು ಬಿರುಸಿನ ಜ್ಯಾಬ್. ಹಿಂಗಾಲಿನಿಂದ ನೆಲ ಒದ್ದು ಮುಂಗಾಲನ್ನು ಸುಮಾರು ಅರ್ಧ ಅಡಿ ಜಾರಿಸುತ್ತೇನೆ. ಪಾದ ನೆಲ ಮುಟ್ಟುವ ಕ್ಷಣಕ್ಕೇ ಮುಷ್ಟಿಯೂ ತಾಗಬೇಕು. ಪಾದ ಮೊದಲು ಊರಿದರೆ ಮೈಭಾರವೆಲ್ಲ ನೆಲಕ್ಕೆ ಹೋಯಿತು, ಉಳಿದದ್ದು ಬರೀ ತೋಳಿನ ಏಟು. ಹಿಂಗಾಲು ಅಷ್ಟೇ ದೂರ ಹಿಂಬಾಲಿಸದಿದ್ದರೆ ನಿಲುವು ಹಿಗ್ಗಿ, ಬಲಗೈ ಏಟಿಗೆ ಸೊಂಟ ತಿರುಗುವುದೇ ಇಲ್ಲ. ಮೊಣಕೈ ಹೊರಗೆ ಎದ್ದರಂತೂ ಏಟು ಹೊರಡುವ ಮೊದಲೇ ಸುದ್ದಿ ತಲುಪಿರುತ್ತದೆ. ಅಭ್ಯಾಸಕ್ಕೆ ತೂಗುಹಾಕುವ ಹೆವಿ ಬ್ಯಾಗ್ ಮೇಲೆ ಪರೀಕ್ಷೆ ಸುಲಭ: ಬ್ಯಾಗ್ ದೂರ ತೂಗಾಡಿದರೆ ನೂಕುತ್ತಿದ್ದೀರಿ, ಇದ್ದಲ್ಲೇ ಅದುರಿದರೆ ಹೊಡೆಯುತ್ತಿದ್ದೀರಿ.

ಕೈ ಹೋದ ಗೆರೆಯಲ್ಲೇ ಕೆನ್ನೆಗೆ ಮರಳಬೇಕು. ಅಮೆರಿಕದ ಹೆಸರಾಂತ ಬಾಕ್ಸರ್ ಜೋ ಲೂಯಿಸ್ ಜ್ಯಾಬ್ ಆದ ಮೇಲೆ ಎಡಗೈ ಇಳಿಸುತ್ತಿದ್ದುದನ್ನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಗುರುತಿಸಿಟ್ಟುಕೊಂಡಿದ್ದ. 1936ರಲ್ಲಿ ಅದರ ಮೇಲಿಂದಲೇ ಬಲಗೈ ಹಾಕಿ 12ನೇ ರೌಂಡಿನಲ್ಲಿ ನಾಕೌಟ್ ಮಾಡಿದ. ಲೂಯಿಸ್‌ಗೇ ಹೀಗಾದರೆ ನಮ್ಮ ಪಾಡೇನು! ಅಭ್ಯಾಸದಲ್ಲಿ ನನ್ನ ಏಟಿಗೆ ಪ್ಯಾಡ್ ಹಿಡಿದವರಿಗೆ ಹೇಳಿಡುತ್ತೇನೆ: ನನ್ನ ಕೈ ತಗ್ಗಿ ಬಂದಾಗಲೆಲ್ಲ ಎಡಗೆನ್ನೆಗೆ ಪ್ಯಾಡಿನಿಂದ ಒಂದು ತಟ್ಟು.

ಹೊಟ್ಟೆಗೆ ಜ್ಯಾಬ್ ಹಾಕುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಭುಜವನ್ನು ಗುರಿಯ ಮಟ್ಟಕ್ಕೆ ತರುತ್ತೇನೆ. ಕಣ್ಣು ಅವನ ಎದೆಯ ಮೇಲೆ, ಬಲಗೈ ಕೆನ್ನೆಗೆ ಅಂಟಿರಬೇಕು. ಸೊಂಟ ಬಗ್ಗಿಸಿದರೆ ಮುಖ ನೇರ ಅವನ ಅಪ್ಪರ್‌ಕಟ್ (ಕೆಳಗಿನಿಂದ ಮೇಲೆ ಬರುವ ಏಟು) ದಾರಿಗೆ ಬೀಳುತ್ತದೆ. ಎರಡು ಮೂರು ಸಲ ಹೊಟ್ಟೆಗೆ ಕೊಟ್ಟು, ಮತ್ತೆ ಅಷ್ಟೇ ತಗ್ಗಿದಾಗ ಅವನ ಕೈಗಳು ಕೆಳಗಿಳಿಯುತ್ತವೆ. ಆಗ ಬಲಗೈ ತಲೆಗೆ.

ನುಗ್ಗಿ ಬರುವವನಿಗೆ ಹಿಂದೆ ಸರಿಯುತ್ತಾ ಹೊಡೆಯುವ ಜ್ಯಾಬ್. ಹಿಂಗಾಲು ಮೊದಲು ಸರಿಯುತ್ತದೆ, ಮುಂಗಾಲು ಊರುವಾಗ ಮುಷ್ಟಿ ತಾಗುತ್ತದೆ. ಜೋರು ಬೇಕಿಲ್ಲ, ಅವನ ವೇಗವೇ ಅವನಿಗೆ ಏಟು. ಎರಡು ಹೆಜ್ಜೆಗಿಂತ ಹೆಚ್ಚು ನೇರ ಹಿಂದೆ ಹೋಗದೆ ಪಕ್ಕಕ್ಕೆ ತಿರುಗುತ್ತೇನೆ; ಇಲ್ಲದಿದ್ದರೆ ಬೆನ್ನಿಗೆ ರಿಂಗಿನ ಹಗ್ಗ ಸಿಗುತ್ತದೆ.

ಅಮೆರಿಕದ ಬಾಕ್ಸರ್ ಥಾಮಸ್ ಹರ್ನ್ಸ್ ಸೊಂಟದ ಮಟ್ಟದಿಂದ ಚಾಟಿಯಂತೆ ಬೀಸುತ್ತಿದ್ದ ಫ್ಲಿಕರ್ ಜ್ಯಾಬ್ ನೋಡಲು ಚೆಂದ. ಅವನಿಗೆ 78 ಇಂಚಿನ ರೀಚ್ (ಚಾಚಿದ ಎರಡೂ ತೋಳುಗಳ ತುದಿಯಿಂದ ತುದಿಗೆ ಅಳತೆ) ಇತ್ತು. ಅಂಥ ಉದ್ದ ಇಲ್ಲದವರು ಕೈ ಇಳಿಸಿಕೊಂಡು ನಿಂತರೆ ಬಲಗೈಗೆ ಬಾಗಿಲು ತೆರೆದಂತೆ, ನಾನು ಬಳಸುವುದಿಲ್ಲ.

ಸೌತ್‌ಪಾ, ಅಂದರೆ ಬಲಗಾಲು ಬಲಗೈ ಮುಂದಿಟ್ಟು ಆಡುವವನು, ಎದುರಾದರೆ ಇಬ್ಬರ ಮುಂದಿನ ಕೈಗಳೂ ಡಿಕ್ಕಿಯಾಗುತ್ತವೆ. ನನ್ನ ಎಡಪಾದವನ್ನು ಅವನ ಬಲಪಾದದ ಹೊರಗಿಟ್ಟು, ಎಡಗೈಯಿಂದ ಅವನ ಗ್ಲೌಸನ್ನು ಕೆಳಕ್ಕೆ ತಟ್ಟಿ, ಅದೇ ಕೈಯನ್ನು ಮೇಲಿಂದ ಕಳಿಸುತ್ತೇನೆ. ಬೆನ್ನಿಗೇ ನೇರ ಬಲಗೈ.